ಶಿಫಾರಸಿಲ್ಲದೆ ಹೋದ ಅರ್ಜಿ

ಕೆಳಗೆ ಬರೆದಿರುವ ಸಂಗತಿಗಳು ನನಗೆ ತಿಳಿದ ಮಟ್ಟಿಗೆ ನಿಜವಾಗಿವೆ. ಇದನ್ನು ಯಾರ ಮೇಲಿನ ದೂರೆಂದಾಗಲಿ, ತಡವಾಗಿ ಸಲ್ಲಿಸಿದ ಮೇಲ್ಮನವಿಯೆಂದಾಗಲಿ ಓದುಗರು ಭಾವಿಸಬಾರದೆಂದು ಕೋರುತ್ತೇನೆ. ನಾನು ಹಿಂದೆ ಎಂದೂ ಪುಸ್ತಕಕ್ಕೆಂದು ಬರೆದವಳಲ್ಲ. ಮದುವೆಗೆ ಮುಂಚೆ ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಏಳು ವರ್ಷ ಗುಮಾಸ್ತೆಯಾಗಿದ್ದೆ. ಬರವಣಿಗೆಯೆಂದರೆ ನನಗೆ ಗೊತ್ತಿರುವುದು ಪತ್ರವ್ಯವಹಾರ ಮಾತ್ರ. ಎಲ್ಲಾದರೂ ಭಾಷೆ ಕಡತದ ವಾಸನೆ ಹೊಡೆದರೆ ಅದು ಅಭ್ಯಾಸದ ದೋಷವೆಂದು ಮನ್ನಿಸಬೇಕು.

ವಿಷಯ ಚಿಕ್ಕದು. ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ ನಮ್ಮ ಮಹಿಳಾ ಗುಂಪು ನಡೆಸುತ್ತಿದ್ದ ಮಕ್ಕಳ ಕೋಣೆಯನ್ನು ನಾನು ಆರು ವರ್ಷ ಸಂಬಳವಿಲ್ಲದೆ ನೋಡಿಕೊಂಡೆ. ಏಳನೆಯ ವರ್ಷ ಅದೇ ಕೋಣೆಗೆ ಒಂದು ಸಂಬಳದ ಹುದ್ದೆ ಮಂಜೂರಾಯಿತು. ಅದು ನನಗೆ ಸಿಗಲಿಲ್ಲ. ಸಿಗದಂತೆ ಮಾಡಿದವರು ನಾನು ಈ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದ್ದ ಹೆಂಗಸು.

ಆ ಹುದ್ದೆಗೆ ನಾನೇಕೆ ಅಷ್ಟು ಆಸೆಪಟ್ಟೆ ಎಂಬುದನ್ನು ಮೊದಲೇ ದಾಖಲಿಸುವುದು ಉಚಿತ. ಧಾರವಾಡದಲ್ಲಿ ನನ್ನದು ಪರೀಕ್ಷೆ ಬರೆದು ಪಡೆದ ಖಾಯಂ ನೌಕರಿ. ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವರ ಒಪ್ಪಿಗೆಯಾದ ವಾರವೇ ಎರಡೂ ಮನೆಯ ಹಿರಿಯರು ಕೂತು ನಾನು ರಾಜೀನಾಮೆ ಕೊಡತಕ್ಕದ್ದೆಂದು ತೀರ್ಮಾನಿಸಿದರು. ದೀರ್ಘ ರಜೆ ಹಾಕಿ ಹೋಗಿ ನೋಡುವ ಅವಕಾಶ ನಿಯಮದಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾಜೀನಾಮೆಯನ್ನು ನಾನೇ ಕರಡು ಮಾಡಿ, ನಾನೇ ಬೆರಳಚ್ಚು ಮಾಡಿ, ‘ಕೌಟುಂಬಿಕ ಕಾರಣಗಳಿಂದ’ ಎಂಬ ಎರಡು ಪದಗಳಲ್ಲಿ ಏಳು ವರ್ಷವನ್ನು ಮುಗಿಸಿ ಮೇಲಧಿಕಾರಿಗಳ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ಅಕ್ಷರದ ತಪ್ಪು ಹುಡುಕುವವರಂತೆ ಮತ್ತೊಮ್ಮೆ ನೋಡಿ, ಸಹಿ ಹಾಕಿದರು. ಆ ಸಂಜೆ ಮನೆಯಲ್ಲಿ ಸಿಹಿ ಹಂಚಿದ್ದರು. ಅದು ಮದುವೆಗೆ ಹಂಚಿದ ಸಿಹಿ, ರಾಜೀನಾಮೆಗಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಟೂಟಿಂಗ್‌ಗೆ ಬಂದೆ. ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ಕಟ್ಟಿಸಿದ ಕಟ್ಟಡದ ನಾಲ್ಕನೆಯ ಮಹಡಿಯ ಫ್ಲ್ಯಾಟು. ಲಿಫ್ಟ್ ಇತ್ತು, ವಾರದಲ್ಲಿ ಎರಡು ದಿನ ಕೆಟ್ಟಿರುತ್ತಿತ್ತು. ಕೆಳಗಿನ ಬೀದಿಯಲ್ಲಿ ದೋಸೆ, ಇಡ್ಲಿ, ಬಾಳೆಕಾಯಿ, ಕರಿಬೇವು ಎಲ್ಲ ಸಿಗುತ್ತಿದ್ದುದರಿಂದ ಇಲ್ಲಿ ಯಾವುದಕ್ಕೂ ಕೊರತೆಯಿಲ್ಲವೆಂದು ನನ್ನ ಪತಿಯವರು ಊರಿಗೆ ಪತ್ರ ಬರೆಯುತ್ತಿದ್ದರು. ಅವರು ಕೆಟ್ಟವರಲ್ಲ. ಬೆಳಿಗ್ಗೆ ಹೋದರೆ ಸಂಜೆ ಬರುವವರು, ಕುಡಿಯದವರು, ಕೈ ಎತ್ತದವರು. ಅವರು ನನ್ನೊಡನೆ ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ, ಬಳಿ ಬಂದು ಅವರು ಕೇಳಿದ್ದಕ್ಕೆಲ್ಲ ತಾವೇ ಉತ್ತರ ಹೇಳುತ್ತಿದ್ದರು. ನನಗೆ ಎಲ್ಲಿ ನೋಯುತ್ತದೆ ಎಂಬುದನ್ನೂ ಅವರೇ ಹೇಳುತ್ತಿದ್ದರು.

ಎರಡನೆಯ ವರ್ಷ ಮಗಳು ಹುಟ್ಟಿದಳು. ಅನಂತರದ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ಮಗುವಿಗೆ ಹಾಲು ಕುಡಿಸುತ್ತ ಕಿಟಕಿಯ ಬಳಿ ಕೂತರೆ ಎದ್ದು ಇನ್ನೊಂದು ಕೋಣೆಗೆ ಹೋಗಲು ಕಾರಣವೇ ಹೊಳೆಯುತ್ತಿರಲಿಲ್ಲ. ಮಗುವನ್ನು ತೂಗಲು ಮನೆಗೆ ಬರುತ್ತಿದ್ದ ಸರ್ಕಾರಿ ನರ್ಸು ಒಂದು ದಿನ ತಕ್ಕಡಿಯನ್ನು ಬದಿಗಿಟ್ಟು ನನ್ನನ್ನೇ ನೋಡುತ್ತ ಕೂತಳು. ಆಕೆಯ ಇಂಗ್ಲಿಷು ನನಗೆ ಅರ್ಧ ಅರ್ಥವಾಯಿತು. ಒಂದು ವಾರದ ಮೇಲೆ ಆಕೆ ಹೇಳಿ ಕಳಿಸಿದ್ದ ಇನ್ನೊಬ್ಬ ಹೆಂಗಸು ಬಾಗಿಲು ತಟ್ಟಿದರು. ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ.

ಅಕ್ಕ ಉಡುಪಿ ಕಡೆಯ ಕ್ಯಾಥೊಲಿಕ್ ಕುಟುಂಬದವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತವರು. ಇಪ್ಪತ್ತು ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿದ್ದು ವಾರ್ಡಿನ ಮುಖ್ಯ ನರ್ಸ್ ಆಗಿದ್ದರು. ಗಂಡ ಇರಲಿಲ್ಲ; ಇದ್ದರೋ ಹೋದರೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲ ದಿನವೇ ಅವರು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ, ನನಗೆ ಚಹಾ ಮಾಡಿ ಕೊಟ್ಟರು. ನನ್ನ ಮನೆಯಲ್ಲಿ ನನಗೆ ಯಾರೋ ಚಹಾ ಮಾಡಿ ಕೊಟ್ಟದ್ದು ಅದೇ ಮೊದಲು. ನಾನು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಮಂಗಳವಾರ ಚರ್ಚಿನ ಹಿಂದಿನ ಹಾಲ್‌ಗೆ ಬಾ, ಮಗುವನ್ನೂ ತಾ ಎಂದರು. ಪತಿಯವರು ಒಪ್ಪುವುದಿಲ್ಲವೆಂದೆ. ಅವರು ಸಂಜೆಯವರೆಗೆ ಕೂತರು. ಪತಿಯವರು ಬಂದ ಮೇಲೆ ಸೋಫಾದಿಂದ ಏಳದೆಯೇ ಅವರೊಡನೆ ಮಾತಾಡಿದರು.

“ಇವಳನ್ನು ಮಂಗಳವಾರ ನಾನು ಕರ್ಕೊಂಡು ಹೋಗ್ತೇನೆ, ಆಯ್ತಾ? ನೀವು ಅಡ್ಡಿ ಮಾಡುವವರ ಹಾಗೆ ಕಾಣುದಿಲ್ಲ.”

“ನಾ ಎಲ್ಲಿ ಬ್ಯಾಡ ಅಂದೀನ್ರಿ,” ಎಂದರು ಪತಿಯವರು. ನನ್ನ ಸಂಸಾರದಲ್ಲಿ ನಾನು ಕಂಡ ಮೊದಲ ಪವಾಡ ಅದು.

ಹಾಲ್‌ನಲ್ಲಿ ಹದಿನೈದಿಪ್ಪತ್ತು ಹೆಂಗಸರು ಸೇರುತ್ತಿದ್ದೆವು. ಕರಾವಳಿಯವರು, ಬೆಳಗಾವಿ-ವಿಜಯಪುರದವರು, ಮೈಸೂರಿನವರು. ತಮ್ಮತಮ್ಮ ಮನೆಯ ಮಾತಿನಲ್ಲಿ ಶುರು ಮಾಡಿದವರು ಅರ್ಧ ಗಂಟೆಯೊಳಗೆ ಬೆಂಗಳೂರಿನ ಕನ್ನಡಕ್ಕೆ ಜಾರುತ್ತಿದ್ದರು. ಅಕ್ಕ ಮಾತ್ರ ಜಾರುತ್ತಿರಲಿಲ್ಲ. ಡಾಕ್ಟರ ಹತ್ತಿರ ಗಂಡನಿಲ್ಲದೆ ಮಾತಾಡುವುದು ಹೇಗೆ, ಮಕ್ಕಳ ಹೆಸರಿನಲ್ಲಿ ಸರ್ಕಾರ ಕೊಡುವ ಹಣವನ್ನು ತಾಯಿಯೇ ಪಡೆಯುವುದು ಹೇಗೆ, ಪಾಸ್‌ಪೋರ್ಟನ್ನು ಯಾರ ಬೀರುವಿನಲ್ಲಿ ಇಡಬೇಕು, ಹೊಡೆತ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಅವರು ಕಲಿಸುತ್ತಿದ್ದರು. ಮಹಿಳಾ ದಿನದಂದು ಬೇರೆ ಬೇರೆ ದೇಶಗಳ ಹೆಂಗಸರ ಜೊತೆ ಮೆರವಣಿಗೆ ಹೋದೆವು. ಕನ್ನಡದ ಫಲಕವನ್ನು ನಾನೇ ಬರೆದೆ. ಯಾರಿಗೂ ಓದಲಾಗದ ಆ ಫಲಕವನ್ನು ಹಿಡಿದು ಇಡೀ ದಾರಿ ನಡೆದು ಬಂದ ಸಂಜೆ, ಗುಮಾಸ್ತೆಯಾಗಿದ್ದ ಏಳು ವರ್ಷದಲ್ಲಿ ನೇರವಾಗದ ನನ್ನ ಬೆನ್ನು ನೆಟ್ಟಗಾದಂತಿತ್ತು.

ತರಗತಿ ನಡೆಯುವಾಗ ಮಕ್ಕಳು ಕಾಲಡಿ ತೊಡರುತ್ತಿದ್ದವು. ಯಾರಾದರೂ ಅವನ್ನು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳಬೇಕಿತ್ತು. ಮೊದಲ ಎರಡು ವಾರ ಸರದಿ ಮಾಡಿಕೊಂಡೆವು. ಮೂರನೆಯ ವಾರ ಸರದಿಯವಳು ಬರಲಿಲ್ಲ, ನಾನು ಎದ್ದು ಹೋದೆ. ಆಮೇಲೆ ಸರದಿಯ ಮಾತು ಯಾರೂ ಎತ್ತಲಿಲ್ಲ. ಹೀಗೆ ನಾನು ಕೇಳಿಸಿಕೊಳ್ಳಬೇಕಿದ್ದ ತರಗತಿಗಳನ್ನು ಗೋಡೆಯ ಈಚೆಯಿಂದ ಕೇಳಿದೆ. ವಾರಕ್ಕೆ ಒಂದು ಬೆಳಿಗ್ಗೆ ಎರಡಾಯಿತು, ಎರಡು ಮೂರಾಯಿತು. ತಾಯಂದಿರು ಇಂಗ್ಲಿಷ್ ತರಗತಿಗೆ, ಟೈಪಿಂಗ್‌ಗೆ, ಆಮೇಲೆ ಕಾಲೇಜಿಗೆ, ಅರೆಕಾಲಿಕ ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಕೋಣೆಯಲ್ಲಿ ಬಿಟ್ಟರು. ಒಬ್ಬಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆದಳು. ಒಬ್ಬಳು ಗಂಡನ ಮನೆಯನ್ನೇ ಬಿಟ್ಟು ಹೊರಬಂದಳು. ಅವಳು ಕೋರ್ಟಿಗೆ ಅಲೆಯುತ್ತಿದ್ದ ದಿನಗಳಲ್ಲಿ ಅವಳ ಮಗ ನನ್ನ ತೊಡೆಯ ಮೇಲೆ ಮಲಗುತ್ತಿದ್ದ. ಇದನ್ನು ಉಪಕಾರವೆಂದು ಬರೆಯುತ್ತಿಲ್ಲ. ನನಗೆ ಅದರಲ್ಲಿ ಸಂತೋಷವಿತ್ತು. ಗೋಡೆಯ ಹೀಟರಿನ ಮೇಲೆ ಒದ್ದೆ ಕಾಲುಚೀಲಗಳನ್ನು ಸಾಲಾಗಿ ಹರವಿ, ನಾನು ಕನ್ನಡದಲ್ಲಿ ಕತೆ ಹೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಮೊಲದ ಜಿಪಿ ಯಾರು ಎಂದು ಒಬ್ಬ ಕೇಳಿದ್ದ.

ಮಕ್ಕಳ ಕೋಣೆಯಲ್ಲದೆ ನನಗೆ ಇನ್ನೊಂದು ಕರ್ತವ್ಯವಿತ್ತು. ಗುಂಪಿನ ಪತ್ರಗಳನ್ನು ಕನ್ನಡದಲ್ಲಿ ಕರಡು ಮಾಡುವುದು ನನ್ನ ಕೆಲಸ. ಅವನ್ನು ಇಂಗ್ಲಿಷಿಗೆ ತಿರುಗಿಸಿ ಕೌನ್ಸಿಲ್‌ಗೆ ಕಳಿಸುವುದು ಅಕ್ಕನ ಕೆಲಸ. ನನ್ನ ಕರಡು ನನ್ನ ಕಚೇರಿಯ ರೀತಿಯಲ್ಲಿರುತ್ತಿತ್ತು: ‘ತಮ್ಮ ಅಮೂಲ್ಯ ಸಮಯವನ್ನು ವ್ಯಯಿಸುತ್ತಿರುವುದಕ್ಕೆ ಕ್ಷಮೆ ಕೋರುತ್ತಾ, ಈ ಅಲ್ಪ ಮನವಿಯನ್ನು ದಯವಿಟ್ಟು ಪರಿಶೀಲಿಸಬೇಕಾಗಿ ವಿನಂತಿ.’ ಅಕ್ಕ ಅದನ್ನು ಜೋರಾಗಿ ಓದಿ ನಗುತ್ತಿದ್ದರು. ನಮ್ಮ ಅಪ್ಪ ಹೆಡ್‌ಮಾಸ್ಟರಾಗಿದ್ದಾಗ ಹೀಗೇ ಬರೆಯುತ್ತಿದ್ದರು, ಎಷ್ಟು ಚಂದ ಎನ್ನುತ್ತಿದ್ದರು. ಆಮೇಲೆ ಪೆನ್ನು ತೆಗೆದು, ಈ ಅಲ್ಪ ಮನವಿ ಎಂದಿದ್ದಲ್ಲಿ ನಮ್ಮ ಬೇಡಿಕೆ ಎಂದೂ, ದಯವಿಟ್ಟು ಪರಿಶೀಲಿಸಿ ಎಂದಿದ್ದಲ್ಲಿ ಇಂತಿಷ್ಟು ದಿನದೊಳಗೆ ಉತ್ತರಿಸಿ ಎಂದೂ ಮಾಡುತ್ತಿದ್ದರು. “ಇಲ್ಲಿ ಬಗ್ಗಿದ್ರೆ ತುಳಿದುಕೊಂಡು ಹೋಗ್ತಾರೆ ಮಾರಾಯ್ತಿ. ನೀನು ಬಗ್ಗಿಸಿ ಬರಿ, ನಾನು ಎತ್ತಿ ನಿಲ್ಲಿಸ್ತೇನೆ,” ಎನ್ನುತ್ತಿದ್ದರು. ಆರು ವರ್ಷ ಒಂದು ಪತ್ರವೂ ಬಗ್ಗಿದ ಸ್ಥಿತಿಯಲ್ಲಿ ಹೋಗಲಿಲ್ಲ. ಈ ಸಂಗತಿಯನ್ನು ಓದುಗರು ಗಮನದಲ್ಲಿಡಬೇಕು.

ಶತಮಾನ ಮಗುಚುವ ಹೊತ್ತಿಗೆ ಮಕ್ಕಳ ಕೋಣೆಗೆ ಕೌನ್ಸಿಲ್ ಅನುದಾನ ಕೊಡುವ ಸೂಚನೆ ಬಂತು. ಅನುದಾನ ಕೋರಿದ ಪತ್ರದ ಕರಡೂ ನನ್ನದೇ. ಆ ವರ್ಷದ ಮಹಿಳಾ ದಿನದಂದು ಅಕ್ಕ ವೇದಿಕೆಯ ಮೇಲೆ ನಿಂತು, ತಾಯ್ತನ ಎಂಬ ಹೆಸರಿಟ್ಟು ಹೆಂಗಸರಿಂದ ಬಿಟ್ಟಿ ದುಡಿಸಿಕೊಳ್ಳುವುದು ನಿಲ್ಲಬೇಕು ಎಂದಾಗ ನಾನು ಹಿಂದಿನ ಸಾಲಿನಲ್ಲಿ ನಾಲ್ಕು ಮಕ್ಕಳನ್ನು ಹಿಡಿದುಕೊಂಡು ಚಪ್ಪಾಳೆ ತಟ್ಟಲು ಕೈ ಬಿಡುವಿಲ್ಲದೆ ನಿಂತಿದ್ದೆ. ಮುಂದೆ ಹುದ್ದೆ ಮಂಜೂರಾಯಿತು: ವಾರಕ್ಕೆ ಹದಿನೈದು ಗಂಟೆ, ಒಬ್ಬರು, ಕೌನ್ಸಿಲ್‌ನ ಸಂಬಳ. ಅರ್ಜಿ ಹಾಕಲು ಹೇಳಿ ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಂಗೆ ಅಲ್ಲದೆ ಮತ್ತ್ಯಾರಿಗೆ? ನೀನು ನಿನ್ನ ರೀತಿಯಲ್ಲೇ ಬರ್ಕೊಂಡು ಬಾ. ಮುಂದಿನದ್ದು ನನಗೆ ಬಿಡು.”

ಇಲ್ಲಿ ನನ್ನ ಕಚೇರಿಯ ಒಂದು ಪದ್ಧತಿಯನ್ನು ವಿವರಿಸುವುದು ಅಗತ್ಯ. ನಮ್ಮಲ್ಲಿ ಅರ್ಜಿದಾರರು ತಮ್ಮನ್ನು ತಾವು ಹೊಗಳಿಕೊಳ್ಳುತ್ತಿರಲಿಲ್ಲ. ಹಾಗೆ ಬರೆದವರ ಅರ್ಜಿಯನ್ನು ಇಡೀ ವಿಭಾಗ ಓದಿ ನಗುತ್ತಿತ್ತು. ಅರ್ಜಿದಾರ ಎಷ್ಟು ಸಾಧ್ಯವೋ ಅಷ್ಟು ಬಗ್ಗಬೇಕು. ಆಮೇಲೆ ಅದು ಮೇಲಧಿಕಾರಿಯ ಮೂಲಕ ಹೋಗಬೇಕು. ಮೇಲಧಿಕಾರಿ ಅದರ ಮೇಲೊಂದು ಶಿಫಾರಸಿನ ಹಾಳೆಯನ್ನು ಹಚ್ಚಿ, ಈ ನೌಕರರು ದಕ್ಷರು, ನಿಷ್ಠಾವಂತರು, ಇವರ ಅರ್ಜಿಯನ್ನು ಬಲವಾಗಿ ಶಿಫಾರಸು ಮಾಡಲಾಗಿದೆ ಎಂದು ಬರೆಯಬೇಕು. ಅರ್ಜಿದಾರ ಬಗ್ಗಿದ್ದಷ್ಟೂ ಶಿಫಾರಸಿಗೆ ತೂಕ. ಎರಡು ಹಾಳೆ ಸೇರಿದರೆ ಒಂದು ಅರ್ಜಿ. ಮೇಲಿನ ಹಾಳೆಯಿಲ್ಲದೆ ಕೆಳಗಿನ ಹಾಳೆಯನ್ನು ಕಳಿಸುವುದೆಂದರೆ ಮನುಷ್ಯನನ್ನು ಬರಿಮೈಯಲ್ಲಿ ಬೀದಿಗೆ ಕಳಿಸಿದಂತೆ.

ನಾನು ಮೂರು ದಿನ ಕೂತು ಬರೆದೆ. ನನಗೆ ವಿಶೇಷ ಅರ್ಹತೆ ಯಾವುದೂ ಇಲ್ಲವೆಂದೂ, ಆರು ವರ್ಷ ಮಾಡಿರುವುದು ಅತ್ಯಲ್ಪ ಸೇವೆಯೆಂದೂ, ಅದರಲ್ಲಿ ಅನೇಕ ಲೋಪದೋಷಗಳಾಗಿರಬಹುದೆಂದೂ, ನನಗಿಂತ ಯೋಗ್ಯರು ಇದ್ದಲ್ಲಿ ಅವರನ್ನು ನೇಮಿಸಲು ನನ್ನ ಆಕ್ಷೇಪಣೆ ಇಲ್ಲವೆಂದೂ, ಹೇಗೇ ಆದರೂ ನನ್ನ ಸೇವೆ ಮುಂದುವರಿಯುವುದೆಂದೂ ಬರೆದೆ. ಇದಕ್ಕಿಂತ ಒಳ್ಳೆಯ ಅರ್ಜಿಯನ್ನು ನಾನು ಜನ್ಮದಲ್ಲಿ ಬರೆದಿಲ್ಲ. ಅಕ್ಕ ಅದನ್ನು ಓದಿದರು. ಆ ಸಲ ನಗಲಿಲ್ಲ. ಮಡಚಿ ಕೈಚೀಲದಲ್ಲಿಟ್ಟುಕೊಂಡರು. ಮಗಳಿಗೆ ಆಗ ಏಳು ವರ್ಷ. ಅಮ್ಮ ಟೀಚರ್ ಆಗುತ್ತಾಳೆಂದು ಶಾಲೆಯಲ್ಲಿ ಆಗಲೇ ಹೇಳಿಬಿಟ್ಟಿದ್ದಳು.

ಆರು ವಾರಗಳ ನಂತರ ಒಂದು ಮಂಗಳವಾರ ಹಾಲ್‌ಗೆ ಹೋದಾಗ ಅಕ್ಕನ ಜೊತೆ ಇಪ್ಪತ್ತಮೂರು-ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ನಿಂತಿದ್ದಳು. ಹತ್ತಿರದ ಸಟನ್‌ನಲ್ಲಿ ನೆಲೆಸಿದ ಕಲಬುರಗಿ ಕಡೆಯ ಡಾಕ್ಟರ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಮಕ್ಕಳ ಪಾಲನೆಯಲ್ಲಿ ಕಾಲೇಜಿನ ಸರ್ಟಿಫಿಕೇಟ್ ಪಡೆದವಳು. ಹುದ್ದೆ ಅವಳಿಗಾಗಿದೆಯೆಂದು ಅಕ್ಕ ಎಲ್ಲರೆದುರು ತಿಳಿಸಿದರು. ಕೌನ್ಸಿಲ್‌ನ ಆಯ್ಕೆ, ನಮ್ಮ ಕೈಯಲ್ಲಿರಲಿಲ್ಲ ಎಂದರು. ಅದೇ ಉಸಿರಿನಲ್ಲಿ ನನ್ನ ಹೆಸರು ಹೇಳಿ, ಇವಳಿಗೆ ಕೋಣೆಯ ರೀತಿನೀತಿ ತೋರಿಸಿಕೊಡು ಎಂದರು.

ಆ ದಿನ ಬೇರೆ ಹೆಂಗಸರು ಏನಾದರೂ ಹೇಳಬಹುದೆಂದು ಕಾದೆ. ಇಪ್ಪತ್ತು ಜನರಲ್ಲಿ ಹೆಚ್ಚಿನವರ ಮಕ್ಕಳ ಮೂಗು ಒರೆಸಿದವಳು ನಾನು. ಅವರು ಚಹಾದ ಲೋಟ ನೋಡುತ್ತಿದ್ದರು. ಕಡೆಗೆ ನಾನೇ ನಾಚಿಕೆ ಬಿಟ್ಟು, ಗುಂಪಿನಿಂದ ಒಂದು ಪತ್ರವನ್ನಾದರೂ ಕೌನ್ಸಿಲ್‌ಗೆ ಬರೆಯಬಹುದಲ್ಲವೇ ಎಂದು ಕೇಳಿದೆ. ಮೈಸೂರಿನ ಕಡೆಯ ತಾಯಿಯೊಬ್ಬಳಿದ್ದಳು; ಅವಳ ಗಂಡುಮಗುವೂ ಹೆಣ್ಣುಮಗುವೂ ತಪ್ಪದೆ ಕೋಣೆಗೆ ಬರುತ್ತಿದ್ದವು. ಅವಳು ಮೆಲ್ಲಗೆ ಹೇಳಿದಳು:

“ಬೇಜಾರು ಮಾಡ್ಕೋಬೇಡಿ. ಆ ಹುಡುಗಿ ಇದ್ರೆ ಮಕ್ಕಳ ಇಂಗ್ಲಿಷ್ ಸ್ವಲ್ಪ ಸುಧಾರಿಸುತ್ತಲ್ವಾ? ನಮ್ಮವನು ಮಧ್ಯಾಹ್ನದ ನರ್ಸರೀಲಿ ಏನೇನೋ ಕನ್ನಡದಲ್ಲಿ ಹೇಳ್ತಾನಂತೆ. ನೀವು ಹೇಗೂ ಇರ್ತೀರಲ್ಲ.”

ಯಾರೋ ನಕ್ಕರು. ಬೇರೆ ವಿಷಯ ಎತ್ತಿಕೊಂಡರು. ಮನೆಗೆ ಬಂದು ಪತಿಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ, “ಪಗಾರ ಇಲ್ಲದ ಮಾಡಾಕತ್ತಾಕಿಗೆ ಪಗಾರ ಯಾರು ಕೊಡ್ತಾರ ಹೇಳು,” ಎಂದು ನಕ್ಕರು. ಅವರ ನಗುವಿನಲ್ಲಿ ವಿಷವಿರಲಿಲ್ಲ. ಅದು ಹೆಚ್ಚು ಚುಚ್ಚಿತು. ಮಗಳು ಮಾತ್ರ, ಶಾಲೆಯಲ್ಲಿ ಈಗ ಏನು ಹೇಳಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಆಮೇಲೂ ಮೂರು ವಾರ ಹೋದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ಯಾವ ಮಗುವಿಗೆ ಕಡಲೆಬೀಜ ಆಗದು, ಯಾವುದು ಕತ್ತಲಿಗೆ ಹೆದರುತ್ತದೆ, ಯಾವುದನ್ನು ತಾಯಿ ಹೋಗುವಾಗ ಕಿಟಕಿಯ ಬಳಿ ನಿಲ್ಲಿಸಬಾರದು ಎಂದೆಲ್ಲ ಆ ಹುಡುಗಿಗೆ ಹೇಳಿಕೊಟ್ಟೆ. ಅವಳು ಒಳ್ಳೆಯವಳು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಅವಳ ಮೇಲೆ ನನಗೆ ಆಗಲೂ ಈಗಲೂ ಯಾವ ಆಪಾದನೆಯಿಲ್ಲ. ಮೂರನೆಯ ವಾರ ಮಕ್ಕಳು ಹೊರಗೆ ಆಡುವಾಗ ಅವಳು ಕೋಣೆಯ ಬೀರುವಿನಲ್ಲಿದ್ದ ಒಂದು ಕಡತವನ್ನು ತೆಗೆದಳು. ನೇಮಕಾತಿಯ ಪ್ರತಿಗಳು ಅದರಲ್ಲಿದ್ದವು. ಅಕ್ಕ ಅದನ್ನು ಅಲ್ಲಿ ಇಟ್ಟದ್ದನ್ನು ಮರೆತಿದ್ದಿರಬೇಕು. ಹುಡುಗಿ ಒಂದು ಹಾಳೆ ತೋರಿಸಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು.

“ಆಂಟಿ, ಸಾರಿ, ಬಟ್, ನೀವು ಯಾಕ ಹೀಂಗ ಬರದ್ರಿ? ನಿಮಗ ಜಾಬ್ ಬ್ಯಾಡಾಗಿತ್ತಾ?”

ಅಷ್ಟು ಹೊತ್ತಿಗೆ ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಹಾಳೆಯಲ್ಲಿದ್ದುದು ನನ್ನ ಅರ್ಜಿಯ ಅನುವಾದ. ಅಕ್ಕನ ದುಂಡು ಅಕ್ಷರ. ಪ್ರಾಮಾಣಿಕವಾದ ಅನುವಾದ: ಒಂದು ಪದ ಸೇರಿಸಿರಲಿಲ್ಲ, ಒಂದು ಪದ ಬಿಟ್ಟಿರಲಿಲ್ಲ. ನನಗೆ ಅರ್ಹತೆ ಇಲ್ಲ. ನನ್ನ ಕೆಲಸ ಅತ್ಯಲ್ಪ. ನಾನು ಅನೇಕ ತಪ್ಪು ಮಾಡಿದ್ದೇನೆ. ನನಗಿಂತ ಯೋಗ್ಯರಿದ್ದರೆ ಅವರನ್ನು ತೆಗೆದುಕೊಳ್ಳಿ. ಹೇಗೇ ಆದರೂ ನಾನು ಸಂಬಳವಿಲ್ಲದೆ ಮುಂದುವರಿಯುತ್ತೇನೆ. ‘ಸಂಬಳವಿಲ್ಲದೆ’ ಎಂದು ನಾನು ಬರೆದಿರಲಿಲ್ಲವೆಂದು ಮೊದಲು ಅನಿಸಿತು. ಆಮೇಲೆ ಯೋಚಿಸಿದೆ: ಸೇವೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹಾಗಲ್ಲದೆ ಮತ್ತೆ ಹೇಗೆ ಹೇಳುತ್ತಾರೆ ಎಂದು. ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೇಲೆ ಹಚ್ಚಿದ ಶಿಫಾರಸು ಇರಲಿಲ್ಲ. ಪಿನ್ನು ಚುಚ್ಚಿದ ತೂತು ಕೂಡ ಇರಲಿಲ್ಲ.

ಮರುದಿನ ಬಸ್ಸು ಹಿಡಿದು ಅಕ್ಕನ ಆಸ್ಪತ್ರೆಗೆ ಹೋದೆ. ಅವರು ಊಟದ ವಿರಾಮದಲ್ಲಿ ಕ್ಯಾಂಟೀನಿನಲ್ಲಿ ಕೂತಿದ್ದರು. ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಓದುವ ನಟನೆ ಮಾಡಲಿಲ್ಲ. ಸ್ಯಾಂಡ್‌ವಿಚ್ಚಿನ ಅರ್ಧವನ್ನು ಕಾಗದದಲ್ಲಿ ಸುತ್ತಿಟ್ಟರು.

“ಸುಳ್ಳು ಹೇಳುದಿಲ್ಲ ನಾನು. ಕೌನ್ಸಿಲ್‌ನವರಿಗೆ ಸರ್ಟಿಫಿಕೇಟ್ ಇದ್ದವರು ಬೇಕಿತ್ತು. ನಿನ್ನನ್ನು ಎತ್ತಿ ಹಿಡಿದಿದ್ರೆ ಗ್ರಾಂಟೇ ನಿಂತುಹೋಗುವ ಹಾಗಿತ್ತು.”

“ಅದನ್ನ ನನಗ ಹೇಳಬಹುದಿತ್ತಲ್ಲರಿ ಅಕ್ಕ.”

“ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದಿ.”

ಅವರು ನನ್ನ ಕೈ ಹಿಡಿದರು. ಆರು ವರ್ಷದಲ್ಲಿ ಎಷ್ಟೋ ಸಲ ಹಿಡಿದ ಕೈ ಅದು. ಹಾಗೆ ಹಿಡಿದುಕೊಂಡೇ ಹೇಳಿದರು:

“ಆ ಹುಡುಗಿ ಒಬ್ಬಳಿಂದ ಕೋಣೆ ನಡಿಯುದಿಲ್ಲ, ನಿಂಗೂ ಗೊತ್ತುಂಟು. ಅವಳಿಗೆ ಸಂಬಳ ಸಿಗ್ತದೆ, ನೀನು ಹೇಗೂ ಇರ್ತಿ, ಇಬ್ಬರಾಗ್ತಾರೆ ಅಂತ ನಾನು ಯೋಚ್ನೆ ಮಾಡಿದ್ದು. ಇಪ್ಪತ್ತು ಹೆಂಗಸರನ್ನು ನೋಡ್ಬೇಕಾ, ನಿನ್ನೊಬ್ಬಳನ್ನು ನೋಡ್ಬೇಕಾ ಹೇಳು. ನಿಂಗೆ ಮಕ್ಕಳಂದ್ರೆ ಜೀವ. ಸಂಬಳ ಇಲ್ಲದಿದ್ರೂ ನೀನು ಮಾಡುವವಳೇ.”

ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಗ್ರಾಂಟು ನಿಜವಾಗಿಯೂ ನಿಲ್ಲುತ್ತಿತ್ತೋ ಏನೋ, ನನಗೆ ತಿಳಿಯದು. ನನ್ನನ್ನು ಕೊಂದದ್ದು ಬೇರೆ. ಊರಿನ ಹಿರಿಯರು ನನ್ನ ರಾಜೀನಾಮೆಯನ್ನು ತೀರ್ಮಾನಿಸಿದಾಗ ಅವರಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಪತಿಯವರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಅದನ್ನೆಲ್ಲ ನನಗೆ ಕಲಿಸಿದವರೇ ಅವರು. ಬಗ್ಗಿದವರ ಗತಿ ಏನಾಗುತ್ತದೆಂದು ತಿಳಿದೂ, ನನ್ನ ಪತ್ರವೊಂದನ್ನು ಮಾತ್ರ ಬಗ್ಗಿಸಿದ ಹಾಗೆಯೇ ಕಳಿಸಿದರು. ವೇದಿಕೆಯ ಮೇಲೆ ಯಾರ ವಿರುದ್ಧ ಮಾತಾಡಿದ್ದರೋ ಅವರ ಕೆಲಸವನ್ನು ತಾವೇ, ಅವರಿಗಿಂತ ಅಚ್ಚುಕಟ್ಟಾಗಿ ಮಾಡಿದ್ದರು.

ಇನ್ನು ಮೇಲೆ ಬರುವುದಿಲ್ಲವೆಂದು ತಿಳಿಸಿದೆ. ಮಕ್ಕಳು ಅಳುತ್ತವೆ ಎಂದರು ಅಕ್ಕ. ಅಳುತ್ತವೆಂದು ನನಗೂ ಗೊತ್ತಿತ್ತು. ಕ್ಯಾಂಟೀನಿನಿಂದ ಹೊರಗೆ ಬರುವಾಗ ನಾನು ಆ ಹಾಳೆಯನ್ನು ಅಲ್ಲೇ ಬಿಟ್ಟು ಬಂದೆ. ಅದು ಅವರ ದಸ್ತಾವೇಜು, ನನ್ನದಲ್ಲ.

ಎರಡು ವಾರ ಕಳೆಯಿತು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದರೆ ಮನೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಯಾರೂ ಫೋನ್ ಮಾಡಲಿಲ್ಲ. ಅಂಗಡಿಯಲ್ಲಿ ಎದುರಾದ ಒಬ್ಬಿಬ್ಬರು, ಆರೋಗ್ಯ ಸುಧಾರಿಸಿತಾ ಎಂದು ಕೇಳಿದರು. ನಾನು ಕಾಯಿಲೆ ಬಿದ್ದಿದ್ದೇನೆಂದು ಅವರಿಗೆ ಹೇಳಲಾಗಿತ್ತು.

ಮೂರನೆಯ ವಾರದ ಸೋಮವಾರ ಬೆಳಿಗ್ಗೆ ಎಂಟೂವರೆಗೆ, ನಾನೂ ಮಗಳೂ ಶಾಲೆಗೆ ಹೊರಡುವ ಮುನ್ನ, ಬಾಗಿಲ ಗಂಟೆ ಸದ್ದಾಯಿತು. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದ ಅಕ್ಕ ನರ್ಸ್ ಸಮವಸ್ತ್ರದಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಅವರ ಹಿಂದೆ ಮೈಸೂರಿನ ಕಡೆಯ ಆ ತಾಯಿ, ಕಪ್ಪು ಕೋಟು ಹಾಕಿ, ಕೂದಲು ಬಿಗಿದು ಕಟ್ಟಿ, ಎರಡೂ ಕೈಯಲ್ಲಿ ಎರಡು ಮಕ್ಕಳನ್ನು ಹಿಡಿದು ನಿಂತಿದ್ದಳು. ಸಟನ್‌ನ ಹುಡುಗಿಗೆ ಜ್ವರ. ಕೋಣೆ ಮುಚ್ಚಿದೆ. ಈ ತಾಯಿಗೆ ಹತ್ತೂವರೆಗೆ ಲಂಡನ್ನಿನ ಇನ್ನೊಂದು ತುದಿಯ ಅಕ್ಸ್‌ಬ್ರಿಡ್ಜ್‌ನ ಒಂದು ಆಫೀಸಿನಲ್ಲಿ ಸಂದರ್ಶನ. ಈಗಲೇ ಟ್ಯೂಬ್ ರೈಲು ಹಿಡಿದರೆ ಮಾತ್ರ ತಲುಪಬಹುದು. ಅಕ್ಕನಿಗೆ ಡ್ಯೂಟಿ. ಇಷ್ಟನ್ನೂ ಅಕ್ಕನೇ ಹೇಳಿದರು. ಆ ತಾಯಿ ನನ್ನ ಮುಖ ನೋಡದೆ, ಬಾಗಿಲ ಚೌಕಟ್ಟು ನೋಡುತ್ತಿದ್ದಳು.

“ಇವತ್ತೊಂದು ದಿನ,” ಎಂದರು ಅಕ್ಕ.

“ಆಗೂದಿಲ್ಲರಿ.”

“ಎಂತ ಕೆಲಸ ಉಂಟು ನಿಂಗೆ ಇವತ್ತು?”

“ಕೆಲಸ ಇಲ್ಲರಿ. ಅದಕ್ಕ ಆಗೂದಿಲ್ಲ.”

ಅಕ್ಕ ತಲೆ ತಗ್ಗಿಸಿ ಗಡಿಯಾರ ನೋಡಿಕೊಂಡರು. ಅವರು ಸೋತದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಅದನ್ನು ನೋಡಬೇಕೆಂದು ಎರಡು ವಾರ ಆಸೆಪಟ್ಟಿದ್ದೆ. ನೋಡಿದಾಗ ಏನೂ ಅನಿಸಲಿಲ್ಲ. ಆ ಹೊತ್ತಿಗೆ ಕಿರಿಯ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಒಳಗೆ ಬಂದು ನನ್ನ ಸ್ವೆಟರಿನ ಅಂಚು ಹಿಡಿದಿದ್ದಳು. ಅವಳಿಗೆ ಮೂರು ವರ್ಷ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಭುಜ ಹಿಡಿದು ತಿರುಗಿಸಿ, ತಾಯಿಯ ಕಡೆಗೆ ಕಳಿಸಿದೆ. ಆಗ ಆ ತಾಯಿ ಮೊದಲ ಸಲ ನನ್ನನ್ನು ನೋಡಿದಳು. ಬೈಯಲಿಲ್ಲ. “ಪ್ಲೀಸ್,” ಎಂದಳು, ಅಷ್ಟೇ. ನಾನು ಬಾಗಿಲು ಹಾಕಿದೆ.

ಅವಳು ಆ ದಿನ ಅಕ್ಸ್‌ಬ್ರಿಡ್ಜ್‌ಗೆ ಹೋಗಲಿಲ್ಲವೆಂದೂ, ಆ ಕೆಲಸ ಬೇರೆಯವರಿಗೆ ಹೋಯಿತೆಂದೂ ಆಮೇಲೆ ತಿಳಿಯಿತು. ಅವಳು ನನ್ನೊಡನೆ ಮತ್ತೆ ಮಾತಾಡಿಲ್ಲ. ಅಕ್ಕನ ಮೇಲೆ ಅವಳಿಗೆ ಸಿಟ್ಟಿಲ್ಲ. ಸಿಟ್ಟೆಲ್ಲ ನನ್ನ ಮೇಲೆ. ಅದು ಸಹಜ, ಬಾಗಿಲು ಹಾಕಿದವಳು ನಾನು. ಈ ಒಂದು ವಿಷಯದಲ್ಲಿ ನನ್ನ ಮೇಲಿನ ಆಪಾದನೆಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇನೆ. ಒಬ್ಬ ಹೆಂಗಸು ನನಗೆ ಮಾಡಿದ್ದನ್ನು ನಾನು ಇನ್ನೊಬ್ಬ ಹೆಂಗಸಿಗೆ ಮಾಡಿದೆನೇ ಎಂದು ಆಗಾಗ ಕೇಳಿಕೊಳ್ಳುತ್ತೇನೆ. ಹೌದು ಎಂದೂ ಅಲ್ಲ ಎಂದೂ ಬರೆದು ಎರಡನ್ನೂ ಹೊಡೆದುಹಾಕಿದ್ದೇನೆ.

ಬಾಗಿಲು ಹಾಕಿದ ಮೇಲೆ ನಾನು ಅಲ್ಲೇ ಹಲಗೆಗೆ ಕೈಯೂರಿ ನಿಂತಿದ್ದೆ. ಮಗಳು ಶಾಲೆಯ ಚೀಲ ಹಾಕಿಕೊಂಡು ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಹೊರಗೆ ಆ ಮಗು ಜೋರಾಗಿ ಅಳತೊಡಗಿತು. ಅಕ್ಕನ ಬೂಟಿನ ಸದ್ದು ಬೇಗ ಬೇಗ ಕೆಳಗಿಳಿದು ಹೋಯಿತು. ಅದರ ಹಿಂದೆ, ನಿಧಾನವಾಗಿ, ಮೂರು ಜೊತೆ ಹೆಜ್ಜೆ. ಸ್ವಲ್ಪ ಹೊತ್ತಿಗೆ ತಾಯಿಯ ದನಿ ಕೇಳಿಸಿತು. ಮಗುವಿನ ಅಳು ನಿಲ್ಲಿಸಲು ಅವಳು ಮೆಟ್ಟಿಲೆಣಿಸುತ್ತಿದ್ದಳು, ಒಂದು, ಎರಡು, ಮೂರು, ಕನ್ನಡದಲ್ಲಿ. ಹನ್ನೊಂದರವರೆಗೆ ನನಗೆ ಕೇಳಿಸಿತು.